ಬೆನ್ನ ಮೇಲೊಂದು ಚೀಲ, ಎದುರಿಗೆ ತೆರೆದ ಬಾಗಿಲು

ಫೆಬ್ರವರಿ 2002. ಏಡ್ರಿಯನ್ ಲಾಮೊಗೆ ಆಗಷ್ಟೇ ಇಪ್ಪತ್ತೊಂದು. ಬೆನ್ನ ಮೇಲೊಂದು ಚೀಲ. ಚೀಲದಲ್ಲಿ ಹಳೆಯ ತೋಶಿಬಾ ಲ್ಯಾಪ್‌ಟಾಪ್, ಅದರ ಕೆಲವು ಕೀಗಳೇ ಉದುರಿಹೋಗಿವೆ. ಸ್ವಂತ ಮನೆಯಿಲ್ಲ, ಬಾಡಿಗೆ ಕೋಣೆಯಿಲ್ಲ, ಕಾಗದ ಹಾಕಿದರೆ ತಲುಪುವ ವಿಳಾಸವಿಲ್ಲ. ಅಂಥ ಹುಡುಗ ಆ ಹೊತ್ತಿಗೆ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಒಳಜಾಲದ ಹೊಸಿಲು ದಾಟಿಬಿಟ್ಟಿದ್ದ!

ಪರದೆಯ ಮೇಲೆ ಪಟ್ಟಿಯೊಂದು ಬಿಚ್ಚಿಕೊಂಡಿತು. ಅಭಿಪ್ರಾಯ ಪುಟಕ್ಕೆ ಬರೆದ ಸುಮಾರು 3,000 ಮಂದಿಯ ವಿವರ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದ್ದರು, ನಟ ರಾಬರ್ಟ್ ರೆಡ್‌ಫೋರ್ಡ್ ಇದ್ದರು. ಮನೆಯ ಫೋನ್ ನಂಬರುಗಳು, ಸೋಷಿಯಲ್ ಸೆಕ್ಯುರಿಟಿ ನಂಬರುಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ.

ಇಲ್ಲಿಯವರೆಗೆ ಅವನು ಬಂದ ದಾರಿ ಸಣ್ಣದಲ್ಲ. ಹದಿನೇಳರ ವಯಸ್ಸಿನಲ್ಲಿ ಹೆತ್ತವರು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಸ್ಯಾಕ್ರಮೆಂಟೊಗೆ ಹೊರಟರು. ಹುಡುಗ ಹೋಗಲಿಲ್ಲ. ಒಬ್ಬನೇ ಉಳಿದ. ಶಾಲೆ ಅರ್ಧಕ್ಕೇ ಬಿಟ್ಟಿದ್ದ. ಕಂಪ್ಯೂಟರ್ ಭದ್ರತೆಯ ಬಿಡಿ ಕೆಲಸ ಸಿಕ್ಕರೆ ಮಾಡಿದ, ಸಿಗದಿದ್ದರೆ ಅಲೆದ. ಗೆಳೆಯರ ಸೋಫಾ ಸಿಕ್ಕರೆ ಅಂದಿನ ರಾತ್ರಿ ಗೆದ್ದಂತೆ. ಸಿಗದಿದ್ದರೆ ಪಾಳುಬಿದ್ದ ಕಟ್ಟಡ. ಬೆಳಗಾದರೆ ಮತ್ತೆ ಅದೇ ಪ್ರಶ್ನೆ: ಪ್ಲಗ್ ಎಲ್ಲಿ? ನೆಟ್ ಎಲ್ಲಿ?

ಊರಿಂದೂರಿಗೆ ಗ್ರೇಹೌಂಡ್ ಬಸ್ಸು. ಅಮೆರಿಕದ ಪಶ್ಚಿಮ ಕರಾವಳಿಯಿಂದ ನ್ಯೂಯಾರ್ಕಿಗೆ ಸುಮಾರು 4,700 ಕಿಲೋಮೀಟರ್. ಬಸ್ಸಿನಲ್ಲಿ ಕೂತರೆ ಮೂರು ಹಗಲು, ಮೂರು ರಾತ್ರಿ. ಕೂತಲ್ಲೇ ನಿದ್ದೆ, ನಿಂತಲ್ಲೇ ಊಟ. ಇಳಿದ ಊರಿನಲ್ಲಿ ಇಂಟರ್‌ನೆಟ್ ಇರುವ ಜಾಗ ಹುಡುಕಬೇಕು. ಬೀದಿಗೊಂದು ವೈಫೈ ಸಿಗುವ ಕಾಲ ಅದಲ್ಲ. ಲೈಬ್ರರಿ, ಸೈಬರ್ ಕೆಫೆ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಕಿಂಕೋಸ್ ಜೆರಾಕ್ಸ್ ಅಂಗಡಿ. ಬೇರೆಯವರಿಗೆ ಅದು ಜೆರಾಕ್ಸ್ ಅಂಗಡಿ. ಅವನಿಗೆ ಅದೇ ಆಫೀಸು, ಅದೇ ಪ್ರಯೋಗಶಾಲೆ. ಅಲ್ಲಿ ಕೂತು ಅವನು ಹೂಡಿದ ಆಯುಧವಾದರೂ ಯಾವುದು?

ಬರೀ ಬ್ರೌಸರ್!

ಹೌದು, ನೀವೂ ನಾನೂ ಸುದ್ದಿ ಓದುವ ಬ್ರೌಸರ್. ದೊಡ್ಡ ಕಂಪನಿಗಳ ಜಾಲದ ಅಂಚಿನಲ್ಲಿ ಪ್ರಾಕ್ಸಿ ಸರ್ವರ್ ಕೂತಿರುತ್ತದೆ. ಒಳಗಿನ ನೌಕರರು ಅದರ ಮೂಲಕ ಹೊರಗಿನ ಇಂಟರ್‌ನೆಟ್ಟಿಗೆ ಹೋಗುತ್ತಾರೆ. ಅದನ್ನು ಅಳವಡಿಸಿದವರು ಒಂದು ಗುರುತು ತಪ್ಪಿದರೆ ಸಾಕು, ಬಾಗಿಲು ಎರಡೂ ಕಡೆಗೆ ತೆರೆದುಕೊಳ್ಳುತ್ತದೆ. ಲಾಮೊ ಬ್ರೌಸರಿನ ಸೆಟ್ಟಿಂಗ್ಸ್ ತೆರೆಯುತ್ತಿದ್ದ. ಪ್ರಾಕ್ಸಿಯ ಐಪಿ ವಿಳಾಸ ಒತ್ತುತ್ತಿದ್ದ. ಪೋರ್ಟ್ ನಂಬರ್ ಒತ್ತುತ್ತಿದ್ದ. ಓಕೆ. ಅಷ್ಟೇ! ಕಂಪನಿಯ ಒಳಜಾಲ ಅವನನ್ನು ತನ್ನದೇ ನೌಕರ ಎಂದು ನಂಬಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಮುಂಬಾಗಿಲಿಗೆ ಕೋಟಿಗಟ್ಟಲೆ ಸುರಿದು ಬೀಗ ಜಡಿದವರು ಹಿತ್ತಿಲ ಬಾಗಿಲ ಚಿಲಕ ಮರೆತಿದ್ದರು.

2001ರಲ್ಲಿ ಒಂದರ ಹಿಂದೊಂದು ಬಾಗಿಲು ತೆರೆದವು. ಮೇ ತಿಂಗಳಲ್ಲಿ ಎಕ್ಸೈಟ್ ಅಟ್ ಹೋಮ್ ಎಂಬ ಕಂಪನಿ. 29.5 ಲಕ್ಷ ಕೇಬಲ್ ಇಂಟರ್‌ನೆಟ್ ಗ್ರಾಹಕರ ಪಟ್ಟಿ ಕಣ್ಣೆದುರಿಗೇ! ಮಾರಿದ್ದರೆ ಆ ರಾತ್ರಿಯಿಂದಲೇ ಹಾಸಿಗೆ, ಹೊದಿಕೆ, ಬಿಸಿಯೂಟ. ಮಾರಲಿಲ್ಲ. ರೆಡ್‌ವುಡ್ ಸಿಟಿಯ ಮುಖ್ಯ ಕಚೇರಿಗೆ ತಾನೇ ಹೋದ. ಎಂಜಿನಿಯರುಗಳ ಪಕ್ಕ ಕೂತ. ತೂತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ.

ಸೆಪ್ಟೆಂಬರಿನಲ್ಲಿ ಯಾಹೂ. ಅಲ್ಲಿ ಸುದ್ದಿಯನ್ನೇ ತಿದ್ದಿ, ಇಂಥದ್ದೂ ಸಾಧ್ಯ ಎಂದು ಜಗತ್ತಿಗೆ ಕಾಣಿಸಿದ. ಡಿಸೆಂಬರಿನಲ್ಲಿ ವರ್ಲ್ಡ್‌ಕಾಮ್, ಇಂಟರ್‌ನೆಟ್ಟಿನ ಬೆನ್ನೆಲುಬನ್ನೇ ಹೊತ್ತಿದ್ದ ದೈತ್ಯ. ನೌಕರರ ಸಂಬಳ ಜಮಾ ಆಗುವ ವ್ಯವಸ್ಥೆಯವರೆಗೂ ಇಳಿದ. ಮುಟ್ಟದೆ ಹಿಂದೆ ಸರಿದ. ರಂಧ್ರ ಮುಚ್ಚಲು ನೆರವಾದ. ಕಂಪನಿ ಬಹಿರಂಗವಾಗಿಯೇ ಕೃತಜ್ಞತೆ ಹೇಳಿತು. ಅವನು ಒಂದು ಕಾಸೂ ಕೇಳಲಿಲ್ಲ. ಕೆಲಸ ಮುಗಿಯಿತು, ಚೀಲ ಹೆಗಲಿಗೇರಿತು.

ಪಾಳು ಕಟ್ಟಡದಿಂದ ಎದ್ದು ಬಂದವನ ಆ ನಿಗ್ರಹ ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. ಆದರೆ ಅವನ ಚೀಲದಲ್ಲಿ ಒಂದು ವಸ್ತು ಇರಲಿಲ್ಲ. ಒಪ್ಪಿಗೆ. ಯಾರೂ ಅವನನ್ನು ಕರೆದಿರಲಿಲ್ಲ. 'ಬಾ, ನೋಡು' ಎಂದಿರಲಿಲ್ಲ. ಒಬ್ಬರು ಸಿಟ್ಟಾದರೆ?

ನ್ಯೂಯಾರ್ಕ್ ಟೈಮ್ಸ್ ಸಿಟ್ಟಾಯಿತು.

ಅಲ್ಲಿ ತಪ್ಪಾಗಿ ಅಳವಡಿಸಿದ ಪ್ರಾಕ್ಸಿಗಳು ಏಳು. ನೌಕರರಿಗೆ ಮೊದಲು ಕೊಡುತ್ತಿದ್ದ ಪಾಸ್‌ವರ್ಡ್ ಅವರವರ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ. ಒಳಹೊಕ್ಕ ಲಾಮೊ ತಜ್ಞರ ಪಟ್ಟಿಗೆ ತನ್ನ ಹೆಸರನ್ನೇ ಸೇರಿಸಿದ. ಪರಿಣತಿ: ಕಂಪ್ಯೂಟರ್ ಹ್ಯಾಕಿಂಗ್! ಬಳಿಕ ಪತ್ರಿಕೆಯ ಲೆಕ್ಕದಲ್ಲಿ ಐದು ಖಾತೆ ತೆರೆದು ಲೆಕ್ಸಿಸ್‌ನೆಕ್ಸಿಸ್ ಎಂಬ ದುಬಾರಿ ಮಾಹಿತಿ ಕೋಶದಲ್ಲಿ 3,000ಕ್ಕೂ ಹೆಚ್ಚು ಬಾರಿ ಹುಡುಕಿದ. ಇಲ್ಲಿ ಅವನು ಗೆರೆ ದಾಟಿದ. ತೂತು ತೋರಿಸುವುದು ಬೇರೆ, ಇನ್ನೊಬ್ಬರ ದುಡ್ಡಿನಲ್ಲಿ ಓಡಾಡುವುದು ಬೇರೆ. ಪತ್ರಕರ್ತನೊಬ್ಬನ ಮೂಲಕ ಪತ್ರಿಕೆಗೆ ತಾನೇ ಸುದ್ದಿ ಮುಟ್ಟಿಸಿದ. ಈ ಸಲ ಕೃತಜ್ಞತೆ ಬರಲಿಲ್ಲ. ಎಫ್‌ಬಿಐ ಬಂತು.

ಸೆಪ್ಟೆಂಬರ್ 2003. ಅಧಿಕಾರಿಗಳು ಸ್ಯಾಕ್ರಮೆಂಟೊದ ಕಡೆ ಹೆತ್ತವರ ಮನೆಗೆ ಬಂದರು. ಹುಡುಗ ಅಲ್ಲಿಲ್ಲ. ವಿಳಾಸವಿಲ್ಲದವನನ್ನು ಹುಡುಕುವುದಾದರೂ ಎಲ್ಲಿ? ಕೆಲವು ದಿನ ಕಣ್ಮರೆಯಾದ. ಅಷ್ಟು ವರ್ಷ ಅಲೆದವನಿಗೆ ಅಡಗುವುದು ನೀರು ಕುಡಿದಷ್ಟು ಸುಲಭ. ಇನ್ನೊಂದು ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು.

ಹತ್ತಲಿಲ್ಲ. ಸೆಪ್ಟೆಂಬರ್ 9ರಂದು ಸ್ಯಾಕ್ರಮೆಂಟೊದಲ್ಲಿ ತಾನೇ ಬಂದು ಶರಣಾದ.

ಜನವರಿ 2004ರಲ್ಲಿ ತಪ್ಪೊಪ್ಪಿಕೊಂಡ. ಜುಲೈನಲ್ಲಿ ತೀರ್ಪು ಬಂತು: ಸುಮಾರು 65,000 ಡಾಲರ್ ಪರಿಹಾರ, ಎರಡು ವರ್ಷ ನಿಗಾ, ಆರು ತಿಂಗಳು ಹೆತ್ತವರ ಮನೆಯಲ್ಲಿ ಗೃಹಬಂಧನ. ವರ್ಷಗಟ್ಟಲೆ ಸೂರಿಲ್ಲದೆ ತಿರುಗಿದವನಿಗೆ ನ್ಯಾಯಾಲಯ ಮನೆಯಲ್ಲೇ ಇರು ಎಂದಿತು.

ಮುಂದಿನ ದಾರಿಯೂ ಮುಳ್ಳಿನದೇ. ನಿಗಾ ಅವಧಿಯಲ್ಲೇ, 2006ರಲ್ಲಿ, ಡಿಎನ್‌ಎ ಪರೀಕ್ಷೆಗೆ ರಕ್ತ ಕೊಡು ಎಂದರು. ಧರ್ಮ ಒಪ್ಪುವುದಿಲ್ಲ ಎಂದ. ಉಗುರು ಕೊಡುತ್ತೇನೆ, ಕೂದಲು ಕೊಡುತ್ತೇನೆ, ರಕ್ತ ಕೊಡಲಾರೆ ಎಂದು ಪಟ್ಟು ಹಿಡಿದ. 2010ರಲ್ಲಿ ಸೇನೆಯ ರಹಸ್ಯ ಕಡತ ಸೋರಿಸಿದ ಚೆಲ್ಸಿ ಮ್ಯಾನಿಂಗ್ ಅವರ ಸುಳಿವನ್ನು ಸರ್ಕಾರಕ್ಕೆ ಕೊಟ್ಟ. ಹ್ಯಾಕರ್ ಬಳಗದ ಬಹಳಷ್ಟು ಜನ ಅವನತ್ತ ಬೆನ್ನು ತಿರುಗಿಸಿದರು. 2018ರ ಮಾರ್ಚ್ 14ರಂದು ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ತೀರಿಕೊಂಡ. ಮೂವತ್ತೇಳು ವರ್ಷ.

ನಾಲ್ಕು ವರ್ಷದ ಬಳಿಕ, ಮೇ 2022ರಲ್ಲಿ, ಅಮೆರಿಕದ ನ್ಯಾಯಾಂಗ ಇಲಾಖೆ ಹೊಸ ನೀತಿ ಹೊರಡಿಸಿತು: ಸದುದ್ದೇಶದಿಂದ ಭದ್ರತಾ ಸಂಶೋಧನೆ ಮಾಡುವವರ ಮೇಲೆ 1986ರ ಕಂಪ್ಯೂಟರ್ ವಂಚನೆ ಕಾಯ್ದೆಯಡಿ ಮೊಕದ್ದಮೆ ಹೂಡಬಾರದು. ಅಷ್ಟರಲ್ಲಿ ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್ 'ಬಗ್ ಬೌಂಟಿ' ತೆರೆದು ವರ್ಷಗಳೇ ಆಗಿದ್ದವು. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ಬರೆದಿಡುತ್ತಾರೆ. ದೋಷ ಹುಡುಕಿ ವರದಿ ಕಳಿಸಿದರೆ ಹಣ ಕೊಡುತ್ತಾರೆ. ವರದಿ ಕಳಿಸುವವನ ಪದವಿ ಕೇಳುವುದಿಲ್ಲ. ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ ಎಂದು ಕೇಳುವುದಿಲ್ಲ.

ಇಂದು ರಾತ್ರಿಯೂ ಯಾವುದೋ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಚಾರ್ಜರ್ ಸಿಕ್ಕಿಸಲು ಪ್ಲಗ್ ಹುಡುಕುತ್ತಿರಬಹುದು. ಅವರಿಗೆ ಹೇಳಬೇಕಾದದ್ದು ಇಷ್ಟೇ. ಕೀ ಉದುರಿದ ಲ್ಯಾಪ್‌ಟಾಪ್ ಸಾಕು. ಬ್ರೌಸರ್ ಸಾಕು. ಲಾಮೊನ ಚೀಲದಲ್ಲಿ ಇಲ್ಲದ ಆ ಒಪ್ಪಿಗೆಯ ಪುಟವನ್ನು ಮೊದಲು ಓದಿ. ಆಮೇಲೆ ಚಿಲಕ ಅಲ್ಲಾಡಿಸಿ.