ತೊಗರ್ಸಿಯ ಬಿಸಿಲು, ಮಗಳ ಸೈಕಲ್

ಶಿಕಾರಿಪುರ ತಾಲೂಕಿನ ತೊಗರ್ಸಿಯಂಥ ಊರುಗಳಲ್ಲಿ ಹೈಸ್ಕೂಲು ದೂರವೆಂದರೆ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಓದು. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಬಡ ಹುಡುಗಿಯರಿಗೆ ಉಚಿತ ಸೈಕಲ್ ಕೊಡತೊಡಗಿತು. ಆಗಿನ ಹಣಕಾಸು ಸಚಿವರು ಇದೇ ತಾಲೂಕಿನ ಶಾಸಕ ಬಿ.ಎಸ್. ಯಡಿಯೂರಪ್ಪ. ಗುಂಪಾಗಿ ಸೈಕಲ್ ತುಳಿಯುವಾಗ ಹುಡುಗಿಯರಿಗೂ ಧೈರ್ಯ, ತಾಯಂದಿರಿಗೂ ನೆಮ್ಮದಿ.

ಬೇಸಿಗೆಯ ಸಂಜೆ ಮಗಳು "ಅಮ್ಮೀ, ಸೊಂಟ ನೋವು" ಎಂದರೆ ಸೈಕಲ್ ಬಿಡಿಸಬೇಡಿ. ಮೊದಲು ಸೀಟು ನೋಡಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರಬೇಕು. ಪುಸ್ತಕದ ಚೀಲ ಬೆನ್ನಿಗಲ್ಲ, ಕ್ಯಾರಿಯರಿಗೆ. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಲಿ, ಮನೆಗೆ ಬಂದೊಡನೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಒಬ್ಬಳಿಗೆ ತಲೆ ಸುತ್ತಿದರೂ ಇಡೀ ಗುಂಪು ನೆರಳಲ್ಲಿ ನಿಲ್ಲಲಿ. ನೋವು ಕಾಲಿಗಿಳಿದು ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ.

ಸೀಟು ಸರಿಪಡಿಸಲು ಒಂದು ಸ್ಪ್ಯಾನರ್ ಸಾಕು. ನಿಂತುಹೋದ ಓದನ್ನು ಮತ್ತೆ ಹಳಿಗೆ ತರುವುದು ಅಷ್ಟು ಸುಲಭವಲ್ಲ.