ತಪ್ಪು ವೈರಿನದ್ದಲ್ಲ

ಹಾಸ್ಟೆಲ್ ಟ್ಯಾಂಕಿನಲ್ಲಿ 207 ಮೀಟರ್ ನೀರಿದೆ ಅಂತ ನಮ್ಮ ಪ್ರಾಜೆಕ್ಟ್ ಹೇಳಿದಾಗ ನಾವು ಮೊದಲು ನಕ್ಕೆವು. ಆಮೇಲೆ ಜಗಳ ಆಡಿದ್ವಿ.

ಸೆನ್ಸರ್ ಕಡೆ ಅರ್ಡುಯಿನೋ ಊನೋ, ಡಿಸ್‌ಪ್ಲೇ ಕಡೆ ಎಸ್‌ಟಿಎಂ32, ಮಧ್ಯೆ ಸೀರಿಯಲ್ ವೈರ್. ಊನೋ ಒಂದು ಸ್ಟ್ರಕ್ಟನ್ನು ಹಾಗೇ ಕಳಿಸ್ತಿತ್ತು: 1 ಬೈಟ್ ಐಡಿ, 2 ಬೈಟ್ ನೀರಿನ ಮಟ್ಟ, 1 ಬೈಟ್ ಚೆಕ್‌ಸಮ್. ಆ ಕಡೆನೂ ಅದೇ ಹೆಡರ್ ಫೈಲ್. ಚೆಕ್‌ಸಮ್ ಪರೀಕ್ಷೆ ಮಾತ್ರ ಆಮೇಲೆ ಬರೆಯೋಣ ಅಂತ ಬಿಟ್ಟಿದ್ವಿ. ಎರಡೂ ಕಡೆ ಒಂದೇ ಕೋಡ್ ಅಂದ್ಮೇಲೆ ತಪ್ಪು ವೈರಿನದ್ದೇ ಅಂತ ತೀರ್ಮಾನಿಸಿ, ವೈರಿಂಗ್ ಮಾಡಿದ ಗೆಳೆಯನ ಮೇಲೆ ಹಾಕಿದ್ವಿ. ಪಾಪ, ಅವನು ರಾತ್ರಿಯೆಲ್ಲ ಕೂತು ಜಾಯಿಂಟುಗಳನ್ನು ಮತ್ತೆ ಸೋಲ್ಡರ್ ಮಾಡಿದ. ಬೆಳಗ್ಗೆ ರಿಸೆಟ್ ಒತ್ತಿದ್ರೆ ಮೊದಲ ರೀಡಿಂಗ್ ಮತ್ತೆ 20736 ಸೆಂಟಿಮೀಟರ್. ನಿಜವಾದ ನೀರು 80.

ಕೊನೆಗೆ ಎರಡೂ ಬೋರ್ಡಲ್ಲಿ ಸೈಜ್‌ಆಫ್ ಪ್ರಿಂಟ್ ಮಾಡಿದ್ವಿ. ಊನೋ 4 ಅಂತು, ಎಸ್‌ಟಿಎಂ32 6 ಅಂತು! 8 ಬಿಟ್ ಚಿಪ್‌ಗೆ ಅಲೈನ್‌ಮೆಂಟ್ ಗೊಡವೆ ಇಲ್ಲ. ಆರ್ಮ್ ಕಂಪೈಲರ್ ಮಾತ್ರ 2 ಬೈಟಿನ ಸಂಖ್ಯೆಯನ್ನು ಸಮ ವಿಳಾಸದಲ್ಲಿ ಇಡೋಕೆ ಅಂತ ಮಧ್ಯೆ ಒಂದು, ಕೊನೆಗೊಂದು ಖಾಲಿ ಬೈಟ್ ಸೇರಿಸಿತ್ತು. ಹಾಗಾಗಿ ನಮ್ಮ ಚೆಕ್‌ಸಮ್ 81 ಹೋಗಿ ನೀರಿನ ಮಟ್ಟದ ಮೇಲಿನ ಬೈಟ್ ಆಗಿತ್ತು. 81 ಇಂಟು 256, ಲೆಕ್ಕ ಸರಿ. ಸಿ ಸ್ಟ್ಯಾಂಡರ್ಡ್ ಇದಕ್ಕೆ ಅನುಮತಿ ಕೊಟ್ಟೇ ಇದೆ.

ಜಿಸಿಸಿಯ ಪ್ಯಾಕ್ಡ್ ಆಟ್ರಿಬ್ಯೂಟ್ ಹಾಕಿದ್ರೆ ಎರಡೂ ಕಡೆ 4. ಆದ್ರೆ ಅದು ಸಿ ಭಾಷೆಯದ್ದಲ್ಲ, ಕಂಪೈಲರ್ ಎಕ್ಸ್‌ಟೆನ್ಶನ್. ಆಗ್ಲೇ ನಮಗೆ ಹೊಳೆದದ್ದು, ನಾವು ಯಾವ ಸಿ ಬರೀತಿದ್ದೀವಿ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾವು ಏನೂ ಹೇಳದಿದ್ರೆ ಜಿಸಿಸಿ ತಾನೇ ಗ್ನೂ ಆವೃತ್ತಿ ಹಿಡಿಯುತ್ತೆ. ಜಿಸಿಸಿ 8ರಿಂದ 14ರವರೆಗೆ ಅದು ಗ್ನೂ17. ಕಟ್ಟುನಿಟ್ಟಿನ ಸಿ11 ಹಾಕಿ ನೋಡಿದ್ವಿ. ಎಎಸ್ಎಂ ಇದ್ದ ಸಾಲುಗಳೆಲ್ಲ ಎರರ್. ಪೆಡಾಂಟಿಕ್ ವಾರ್ನಿಂಗ್ ಹಾಕಿದ್ರೆ 0ಬಿ ಅಂತ ಬರೆದ ಬೈನರಿ ಸಂಖ್ಯೆಗಳೂ ಸಿಕ್ಕಿಬಿದ್ವು. ಅವು ಸ್ಟ್ಯಾಂಡರ್ಡಿಗೆ ಬಂದದ್ದೇ ಸಿ23ರಲ್ಲಿ.

ಹಾಗಂತ ಎಕ್ಸ್‌ಟೆನ್ಶನ್ ಬೇಡವೇ ಬೇಡ ಅನ್ನೋಕೂ ಆಗಲ್ಲ. ಊನೋದಲ್ಲಿ ಇಂಟರಪ್ಟ್ ಬರೆಯೋಕೆ ಸ್ಟ್ಯಾಂಡರ್ಡ್ ಸಿಯಲ್ಲಿ ದಾರಿಯಿಲ್ಲ. ಐಎಸ್ಆರ್ ಮ್ಯಾಕ್ರೋ ಒಳಗಿರೋದೂ ಆಟ್ರಿಬ್ಯೂಟೇ. ಅದಕ್ಕೆ ಒಂದು ಒಪ್ಪಂದಕ್ಕೆ ಬಂದ್ವಿ. ಇಡೀ ಕೋಡ್ ಸಿ11, ಪೆಡಾಂಟಿಕ್ ಸಮೇತ. ಎಕ್ಸ್‌ಟೆನ್ಶನ್ ಏನಿದ್ರೂ ಹಾರ್ಡ್‌ವೇರಿನ ಒಂದೇ ಫೈಲಿನಲ್ಲಿ. ಪ್ಯಾಕೆಟ್ಟನ್ನು ಸ್ಟ್ರಕ್ಟಾಗಿ ಅಲ್ಲ, ಶಿಫ್ಟ್ ಮಾಡಿ ಬೈಟ್ ಬೈಟಾಗಿ ಕಳಿಸೋದು.

ಸಿ99 ಬಿಟ್ಟು ಸಿ11 ಯಾಕೆ ಅಂದ್ರೆ, ಸ್ಟ್ಯಾಟಿಕ್ ಅಸರ್ಟ್ ಸ್ಟ್ಯಾಂಡರ್ಡಿಗೆ ಬಂದದ್ದು ಅಲ್ಲಿಂದ. ಸೈಜ್ 4 ಇರಲೇಬೇಕು ಅನ್ನೋ ಒಂದು ಸಾಲು ಮೊದಲೇ ಬರೆದಿದ್ರೆ ಬಿಲ್ಡೇ ನಿಲ್ತಿತ್ತು. ನಮ್ಮ ಗೆಳೆಯ ಆ ರಾತ್ರಿ ನಿದ್ದೆ ಮಾಡ್ತಿದ್ದ.

ಅವನಿಗೆ ಸಾರಿ ಹೇಳಿ ಮಸಾಲೆ ದೋಸೆ ಕೊಡಿಸಿದ್ವಿ. ತಿಂದು ಮುಗಿಸಿ ಅವನು ಹೇಳಿದ್ದು ಇಷ್ಟೇ: "ಮುಂದಿನ ಸಲ ನನ್ನ ಬಯ್ಯೋ ಮೊದಲು ಸೈಜ್‌ಆಫ್ ನೋಡ್ರಪ್ಪಾ."