ಅಜ್ಜನ ರಿವಾಲ್ವರಿಗೆ ಕುಂಕುಮ ಹಚ್ಚಬೇಡಿ

ಆಯುಧಪೂಜೆ ಬರುತ್ತಿದೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಯಾವುದೇ ಹಳೇ ಮನೆಯಲ್ಲಿ ಲೈಸೆನ್ಸಿರುವ ಹಳೆಯ ವೆಬ್ಲಿ ರಿವಾಲ್ವರ್ ಇದ್ದರೆ, ಪೂಜೆಗಿಡುವ ಮುಂಚೆ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನೊಮ್ಮೆ ಸರಿಯಾಗಿ ನೋಡಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ, ಕ್ರಮಸಂಖ್ಯೆ, ಅದೃಷ್ಟವಿದ್ದರೆ ಕಲ್ಕತ್ತದ ಮ್ಯಾಂಟನ್ ಅಥವಾ ರೊಡ್ಡಾ ಅಂಗಡಿಯ ಹೆಸರು. 1914ರಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಹೊತ್ತೊಯ್ದದ್ದು ಇದೇ ರೊಡ್ಡಾ ಕಂಪನಿಯ ಸರಕಿನಿಂದ!

1915ರ ವೆಬ್ಲಿ ಮಾರ್ಕ್ 6ರ ಕೆಲಸಗಾರಿಕೆ ನನಗೆ ಬಲು ಇಷ್ಟ. ಚಿಲಕ ಒತ್ತಿ ನಳಿಗೆಯನ್ನು ಕೆಳಗೆ ಬಾಗಿಸಿದರೆ ಸಾಕು, ಸಿಲಿಂಡರಿನ ಆರೂ ಖಾಲಿ ತೋಟಾಗಳು ಒಟ್ಟಿಗೇ ಹೊರಬೀಳುತ್ತವೆ.

ಈ ನೆಲಕ್ಕೆ ಬಂದೂಕು ಹೊಸದೂ ಅಲ್ಲ. ಹಂಪಿಯ ಮಹಾನವಮಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಸೇನೆಯ ಬಂದೂಕುಧಾರಿಗಳ ಬಗ್ಗೆ ಬರೆದಿದ್ದಾನೆ. 1520ರ ರಾಯಚೂರು ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರು ರಾಯನ ಪರ ಗುಂಡು ಹಾರಿಸಿದರು.

ಹಸಿ ಕುಂಕುಮ, ಅರಿಶಿನದ ತೇವ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ರಿವಾಲ್ವರಿಗೆ ತೆಳುವಾಗಿ ಎಣ್ಣೆ ಸವರಿ. ಹೊಳಪಿನ ಆಸೆಗೆ ಮರಳುಕಾಗದದಿಂದ ಉಜ್ಜಿದರೆ ಮುದ್ರೆಗಳು ಅಳಿಸಿಹೋಗುತ್ತವೆ, ಅವಿಲ್ಲದೆ ಅದರ ಚರಿತ್ರೆಯೇ ಇಲ್ಲ.

ಅಜ್ಜನ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ, ವಾರಸಿನಿಂದ ಬಂದದ್ದೂ ಸೇರಿ ಸಾಮಾನ್ಯ ಲೈಸೆನ್ಸುದಾರರಿಗೆ ಎರಡೇ ಬಂದೂಕು. ಹಿರಿಯರು ತೀರಿಹೋಗಿದ್ದರೆ ತಡಮಾಡದೆ ಠಾಣೆಗೆ ತಿಳಿಸಿ, ಒಪ್ಪಿಸುವ ಮುನ್ನ ಪ್ರತಿಯೊಂದು ಮುದ್ರೆಯ ಫೋಟೋ ತೆಗೆದಿಟ್ಟುಕೊಳ್ಳಿ.